ಉಚಿತ ಡಿಶ್: ಖರ್ಚು ಒಮ್ಮೆ ಮಾತ್ರ, ಆದರೆ...

ಮಾನ್ಯರೇ,

ತಿಂಗಳ ಡಿಟಿಎಚ್ ರೀಚಾರ್ಜ್‌ಗೆ ಬೇಸತ್ತು ದೂರದರ್ಶನದ ಡಿಡಿ ಫ್ರೀ ಡಿಶ್‌ಗೆ ಬದಲಾಗುವವರು ಮೊದಲು ಲೆಕ್ಕ ಹಾಕಲಿ. ಡಿಶ್, ಎಲ್‌ಎನ್‌ಬಿ (ಡಿಶ್ ಮುಂದೆ ಸಂಕೇತ ಹಿಡಿಯುವ ಪುಟ್ಟ ಸಾಧನ), ಸೆಟ್‌ಟಾಪ್ ಬಾಕ್ಸ್, ಕೇಬಲ್ ಎಲ್ಲ ಸೇರಿ ಸುಮಾರು 2,000 ರೂಪಾಯಿ. ಆಮೇಲೆ ಮಾಸಿಕ ಶುಲ್ಕವಿಲ್ಲ. ತಿಂಗಳಿಗೆ 300 ರೂಪಾಯಿ ಕಟ್ಟುತ್ತಿದ್ದ ಮನೆಗೆ ಏಳು ತಿಂಗಳಲ್ಲಿ ಅಸಲು ಹುಟ್ಟುತ್ತದೆ. ಚಾವಣಿಯಲ್ಲಿ ಹಳೆಯ ಡಿಶ್ ಇದ್ದರೆ ಅದನ್ನೇ ತಿರುಗಿಸಿಕೊಳ್ಳಬಹುದು, ಬಾಕ್ಸ್ ಮಾತ್ರ ಕೊಂಡರೆ ಸಾಕು. ಅಗ್ಗವೆಂದು ಹಳೆಯ ಪ್ರಸಾರ ವಿಧಾನದ ಎಂಪೆಗ್-2 ಬಾಕ್ಸ್ ತರಬೇಡಿ, ಹೊಸ ವಿಧಾನದ ಎಂಪೆಗ್-4 ವಾಹಿನಿಗಳು ಅದರಲ್ಲಿ ಮೂಡುವುದಿಲ್ಲ.

ಎಡವುವುದು ದಿಕ್ಕಿನಲ್ಲಿ. ಫ್ರೀ ಡಿಶ್ ಪ್ರಸಾರವಾಗುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬೆಂಗಳೂರಿನಿಂದ ಅದು ಆಗ್ನೇಯಕ್ಕೆ, ಉತ್ತರದಿಂದ ಸುಮಾರು 128 ಡಿಗ್ರಿ, ದಿಗಂತದಿಂದ ಎತ್ತರ 66 ಡಿಗ್ರಿ. ಪಕ್ಕದಲ್ಲೇ, 95 ಡಿಗ್ರಿಯಲ್ಲಿ, ಮತ್ತೊಂದು ಡಿಟಿಎಚ್ ಉಪಗ್ರಹವಿದೆ. ಡಿಶ್ ಅದಕ್ಕೆ ತಾಗಿದರೆ ಪರದೆಯಲ್ಲಿ ಸಂಕೇತದ ಬಲ ತೋರುವ 'ಸ್ಟ್ರೆಂತ್' ತುಂಬಿರುತ್ತದೆ, ಬೇಕಾದ ಸಂಕೇತ ಸರಿಯಾಗಿ ಸಿಕ್ಕಿದೆಯೇ ಎಂದು ತೋರುವ 'ಕ್ವಾಲಿಟಿ' ಸೊನ್ನೆ. ಆದ್ದರಿಂದ ಕ್ವಾಲಿಟಿ ನೋಡಿಕೊಂಡೇ ಕೂದಲೆಳೆಯಷ್ಟು ಸರಿಸಿ, ಎಲ್‌ಎನ್‌ಬಿಯನ್ನೂ ತುಸು ತಿರುಗಿಸಿ ನೋಡಿ, ನಂತರ ನಟ್ಟು ಬಿಗಿಯಬೇಕು. ಎಲ್‌ಎನ್‌ಬಿ ಬಳಿ ಕೇಬಲ್ಲಿಗೆ ಒಂದು ಸುತ್ತು ಬಿಟ್ಟು ಕನೆಕ್ಟರ್‌ಗೆ ಟೇಪು ಸುತ್ತದಿದ್ದರೆ ಮೊದಲ ಮಳೆಗೇ ನೀರು ಇಳಿಯುತ್ತದೆ. ಜೋರು ಮಳೆಯಲ್ಲಿ ಚಿತ್ರ ಹೋಗುವುದು ಮಾತ್ರ ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ತರಂಗಗಳ ಗುಣ; ಮೆಕ್ಯಾನಿಕ್‌ಗೆ ಫೋನ್ ಮಾಡಿ ಫಲವಿಲ್ಲ.

ಚಂದನ ಸಿಗುತ್ತದೆ, ಪಾವತಿ ವಾಹಿನಿಗಳ ಧಾರಾವಾಹಿಗಳು ಸಿಗುವುದಿಲ್ಲ. ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಹಿಡಿಯುವುದರಿಂದ ಹಿಂದಿಯದೇ ಭರಾಟೆ. ಸಂಜೆ ಕನ್ನಡ ಧಾರಾವಾಹಿ ತಪ್ಪದ ಮನೆಯವರು ಹಳೆಯ ಸಂಪರ್ಕ ಕಿತ್ತುಹಾಕುವ ಮುನ್ನ ವಾಹಿನಿ ಪಟ್ಟಿ ನೋಡಲಿ.

– ಟಿ.ವಿ. ತಂತ್ರಜ್ಞ, ಬೆಂಗಳೂರು