ಡೆಕ್ ಪಟ್ಟಿಯ ಜೊತೆ ಕಾರಣವನ್ನೂ ಬರೆಯಿರಿ

ಸಂಪಾದಕರೇ,

ಪೋಕೆಮಾನ್ ಟಿಸಿಜಿ ಪಾಕೆಟ್ ಎಂಬ ಮೊಬೈಲ್ ಕಾರ್ಡ್ ಆಟದ ಬಲವಾದ ಡೆಕ್‌ಗಳ (ಆಡಲು ಆರಿಸಿಕೊಂಡ ಕಾರ್ಡ್ ಕಟ್ಟುಗಳ) ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಒಂದು ಡೆಕ್ ಯಾಕೆ ಮೇಲಿದೆ ಅಂತ ಬರೆಯುವವರು ಕಡಿಮೆ. 2024ರ ಅಕ್ಟೋಬರ್‌ನಲ್ಲಿ ಆಟ ಬಂದಾಗಿನ ಮೊದಲ ಸೆಟ್ಟನ್ನೇ, ಅಂದರೆ ಒಟ್ಟಿಗೆ ಬಿಡುಗಡೆಯಾದ ಕಾರ್ಡ್‌ಗಳ ಗುಂಪನ್ನೇ ನೋಡಿ. ಪಿಕಾಚು ಇಎಕ್ಸ್‌ಗೆ (ಇಎಕ್ಸ್ ಅಂದರೆ ಹೆಚ್ಚು ಬಲದ ಪೋಕೆಮಾನ್ ಕಾರ್ಡ್) ಹೊಡೆಯಲು ಎರಡೇ ಎನರ್ಜಿ ಸಾಕು, ಬೆಂಚಿನಲ್ಲಿ, ಅಂದರೆ ಹಿಂದೆ ಕಾಯುವ ಸಾಲಿನಲ್ಲಿ, ಮೂರು ಮಿಂಚಿನ ಪೋಕೆಮಾನ್ ಇದ್ದರೆ 90 ಡ್ಯಾಮೇಜ್. ಮ್ಯೂಟೂ ಇಎಕ್ಸ್ 150 ಹೊಡೆಯುತ್ತದೆ ನಿಜ, ಆದರೆ ಅದಕ್ಕೆ ನಾಲ್ಕು ಎನರ್ಜಿ ಬೇಕು, ಹೊಡೆದ ಮೇಲೆ ಎರಡು ಹೋಗುತ್ತವೆ, ಅದನ್ನು ತುಂಬಿಸಲು ಗಾರ್ಡೆವಾರ್ ಎಂಬ ಪೋಕೆಮಾನ್ ಬೇಕು, ಅದು ಎರಡು ಹಂತ ಬೆಳೆದು ಬರುವಷ್ಟರಲ್ಲಿ ಎಷ್ಟೋ ಸಲ ಆಟವೇ ಮುಗಿದಿರುತ್ತದೆ. ಮೊದಲು ಮೂರು ಪಾಯಿಂಟ್ ಪಡೆದವರು ಗೆಲ್ಲುವ ಆಟ ಅಲ್ವಾ, ಒಂದು ಇಎಕ್ಸ್ ಬಿದ್ದರೆ ಎದುರಾಳಿಗೆ ಎರಡು ಪಾಯಿಂಟ್ ಹೋಯಿತು! ಹಾಗಾಗಿ ಆ ಸೆಟ್‌ನಲ್ಲಿ ನನಗೆ ಪಿಕಾಚುವೇ ಮೊದಲು.

ಮಿಸ್ಟಿ ಕಾರ್ಡನ್ನು ನಂಬಿದ ಡೆಕ್‌ಗಳನ್ನು ಕೆಳಗಿಡುತ್ತೇನೆ. ಅದರಲ್ಲಿ ಟೇಲ್ ಬೀಳುವವರೆಗೆ ನಾಣ್ಯ ಚಿಮ್ಮಬೇಕು; ಹೆಡ್ ಬಿದ್ದಷ್ಟು ಎನರ್ಜಿ, ಮೊದಲೇ ಟೇಲ್ ಬಿದ್ದರೆ ಏನೂ ಇಲ್ಲ.

ಹೊಸ ಸೆಟ್ ಬಂದರೆ ಪಟ್ಟಿ ಬದಲಾಗುತ್ತದೆ. ಸುಮ್ನೆ ಹೆಸರು ಜೋಡಿಸಬೇಡಿ, ಯಾವ ಸೆಟ್‌ನ ಕಾಲದ ಪಟ್ಟಿ, ಯಾವ ಡೆಕ್ ಯಾವುದಕ್ಕೆ ಸೋಲುತ್ತದೆ ಅಂತಲೂ ದಯವಿಟ್ಟು ಬರೆಯಿರಿ.

– ಒಬ್ಬ ಓದುಗ