ದತ್ತೂರಿ ಹೂವಿನ ಚೀಟಿ

ಆತ್ಮೀಯರೇ,

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಸಂಚಿಕೆ ಅಚ್ಚಿಗೆ ಹೋಗಬೇಕು. ಗಣೇಶನ ಹಬ್ಬದ ಬಗ್ಗೆ ಬರೆಯೋಣ ಅಂತ ಕೂತೆ. ಮಗಳ ಮಾತೇ ತಲೆಯಲ್ಲಿ ಸುತ್ತುತ್ತಿದೆ.

ರಜೆಯಲ್ಲಿ ಲೀಸ್ ಫೆರ್ರಿಗೆ ಹೋಗಿದ್ದೆವು. ಕೊಲೊರಾಡೋ ನದಿದಡದಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ ಶುರುವಾಗುವ ಜಾಗ ಅದು. ಸಂಜೆಯಾಗುತ್ತಿದ್ದ ಹಾಗೆ ಮರಳಿನಲ್ಲಿ ದೊಡ್ಡ ಬಿಳಿ ಹೂಗಳು ಅರಳಿದವು. ಅಲ್ಲಿ ಗಿಡ ಕೀಳುವ ಹಾಗಿಲ್ಲ, ಫೋಟೋ ತೆಗೆದುಕೊಂಡು ಬಂದೆವು. ಮನೆಗೆ ಬಂದು ಅರಿಜೋನಾದ ಹರ್ಬೇರಿಯಂ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಹುಡುಕಿದೆವು. ಒತ್ತಿ ಒಣಗಿಸಿದ ಗಿಡ, ಮೂಲೆಯಲ್ಲೊಂದು ಚೀಟಿ: ಡಟೂರಾ ರೈಟೈ. ರೈಟ್ ಅಂದರೆ 19ನೇ ಶತಮಾನದಲ್ಲಿ ಈ ಸೀಮೆಯಲ್ಲಿ ಗಿಡ ಸಂಗ್ರಹಿಸುತ್ತಾ ಓಡಾಡಿದ ಚಾರ್ಲ್ಸ್ ರೈಟ್. ಡಟೂರಾ ಮಾತ್ರ ನಮ್ಮದೇ ಧತ್ತೂರ!

ತಿಪಟೂರಿನ ಹಿತ್ತಲು ಕಣ್ಣ ಮುಂದೆ ಬಂತು. ಹಬ್ಬದ ಬೆಳಿಗ್ಗೆ ಇಪ್ಪತ್ತೊಂದು ಪತ್ರೆ ಕೂಡಿಸೋದು ನಮ್ಮ, ಅಂದರೆ ಮಕ್ಕಳ ಕೆಲಸ. ಗರಿಕೆ, ಎಕ್ಕ, ಉತ್ತರಾಣಿ, ಮಾಚಿಪತ್ರೆ, ಎಲ್ಲ ಸರಸರ ಸಿಗುತ್ತಿದ್ದವು. ಉಮ್ಮತ್ತಿ, ಅಂದರೆ ಇದೇ ದತ್ತೂರಿ ಗಿಡದ ಹತ್ತಿರ ಹೋದರೆ ಮಾತ್ರ ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದರು, "ಅದನ್ನ ನಾನೇ ಕೀಳ್ತೀನಿ, ನೀವು ಮುಟ್ಟಬೇಡಿ." ಸೆರಗಿನ ತುದಿಯಲ್ಲಿ ಹಿಡಿದು ಒಂದೇ ಎಲೆ ಕೀಳುತ್ತಿದ್ದರು. ಮುಳ್ಳುಕಾಯಿಯನ್ನು ತೋರಿಸಿ, "ಇದು ಶಿವನಿಗೆ ಸರಿ, ನಮಗಲ್ಲ" ಅನ್ನುತ್ತಿದ್ದರು. ಆಮೇಲೆ ಬಾವಿಕಟ್ಟೆಯಲ್ಲಿ ಮೂರು ಸಲ ಕೈ ತೊಳೆಯುತ್ತಿದ್ದರು. ಆ ನೀರಿನ ಸದ್ದು ಇವತ್ತಿಗೂ ಕೇಳಿಸುತ್ತದೆ.

ಇದನ್ನೆಲ್ಲ ಹೇಳುತ್ತಾ ಅಜ್ಜಿಯ ಫೋಟೋ ತೋರಿಸಿದೆ. ಮಗಳು ಅದನ್ನು ತಿರುಗಿಸಿ ನೋಡಿದಳು. "ಅಮ್ಮಾ, ಆ ಹೂವಿಗೆ ಯಾರು ಕಿತ್ತರು, ಯಾವ ದಿನ, ಯಾವ ಜಾಗ ಅಂತ ಎಲ್ಲ ಬರೆದಿದೆ. ಮುತ್ತಜ್ಜಿಗೆ ಯಾಕೆ ಏನೂ ಬರೆದಿಲ್ಲ?"

1938ರಲ್ಲಿ ಎಲ್ಜಾಡಾ ಕ್ಲೋವರ್, ಲೋಯಿಸ್ ಜಾಟರ್ ಎಂಬ ಇಬ್ಬರು ಸಸ್ಯಶಾಸ್ತ್ರದ ಹೆಂಗಸರು ಮರದ ದೋಣಿಗಳಲ್ಲಿ ಇದೇ ಕೊಲೊರಾಡೋ ನದಿಯಲ್ಲಿ ಇಳಿದು ಹೋದರು. ಆರುನೂರು ಮೈಲಿಗೂ ಜಾಸ್ತಿ, 43 ದಿನ. ತಂಡಕ್ಕೆ ಅಡುಗೆಯನ್ನೂ ಅವರೇ ಮಾಡಬೇಕಿತ್ತು. ಅದರ ನಡುವೆಯೇ ಗಿಡ ಒತ್ತಿಟ್ಟರು. ಆ ಹಾಳೆಗಳು ಮಿಷಿಗನ್ ವಿಶ್ವವಿದ್ಯಾಲಯದಲ್ಲಿವೆ. ಆಮೇಲೆ ಅಣೆಕಟ್ಟು ಬಂತು, ನದಿದಡದ ಗಿಡಗಳೇ ಬದಲಾದವು. ಮುಂಚೆ ಅಲ್ಲಿ ಏನು ಬೆಳೆಯುತ್ತಿತ್ತು ಅಂತ ತಿಳಿಯಲು ಇವತ್ತಿಗೂ ಅವರ ಪಟ್ಟಿಯನ್ನು ನೋಡುತ್ತಾರೆ.

ನಮ್ಮ ಕೂಟದ ಹಳೇ ಫೋಟೋಗಳು ಮೂರು ಡಬ್ಬ ನನ್ನ ಗ್ಯಾರೇಜಿನಲ್ಲಿವೆ. ಒಂದರ ಹಿಂದೆಯೂ ಹೆಸರಿಲ್ಲ. ಗುರುತು ಹಿಡಿಯಬಲ್ಲ ಹಿರಿಯರು ವರ್ಷ ವರ್ಷ ಊರಿಗೆ ವಾಪಸ್ ಹೋಗುತ್ತಿದ್ದಾರೆ. ದಯವಿಟ್ಟು ಯಾರಾದರೂ ಬನ್ನಿ. ಒಂದು ಭಾನುವಾರ ಸಾಕು. ಪೆನ್ಸಿಲ್, ಕಾಫಿ ನಾನು ಕೊಡುತ್ತೇನೆ.

ಅಂದ ಹಾಗೆ, ಗಣೇಶನ ಪೂಜೆ ಶನಿವಾರ ಬೆಳಿಗ್ಗೆ 9ಕ್ಕೆ, ಎಂದಿನ ಸಭಾಂಗಣದಲ್ಲಿ. ಕಡುಬಿಗೆ ಕೈ ಬೇಕು, ಹೆಸರು ಕೊಡಿ. ಕನ್ನಡ ತರಗತಿ ಮರುವಾರದಿಂದ. ರಾಜ್ಯೋತ್ಸವದ ನಾಟಕಕ್ಕೆ ಇನ್ನೂ ಇಬ್ಬರು ಬೇಕು. ಪತ್ರೆ ತರುವವರು ದತ್ತೂರಿಯನ್ನು ಬೇರೆ ಚೀಲದಲ್ಲಿ ತನ್ನಿ, ಅದರ ಬೇರಿನಿಂದ ಬೀಜದವರೆಗೂ ವಿಷ. ಪ್ರಸಾದದ ಹತ್ತಿರ, ಮಕ್ಕಳ ಕೈಗೆ ಬೇಡ.

ಅಜ್ಜಿಯ ಫೋಟೋ ಹಿಂದೆ "ತಿಪಟೂರು, ಹಿತ್ತಲು" ಅಂತ ಬರೆದಿದ್ದೇನೆ. ವರ್ಷ ಗೊತ್ತಿಲ್ಲ. ಊರಲ್ಲೀಗ ಮಧ್ಯಾಹ್ನ, ಅಮ್ಮ ಊಟಕ್ಕೆ ಕೂರುವ ಮುಂಚೆ ಫೋನ್ ಮಾಡಿ ಕೇಳುತ್ತೇನೆ.

– ಸಂಪಾದಕಿ