ವಿಶ್ವಕಪ್ ವೇಳೆ ಹವ್ಯಾಸಕೂಟ ನಿಲ್ಲದಿರಲಿ

ಮಾನ್ಯರೇ,

ವಿಶ್ವಕಪ್ ಫುಟ್‌ಬಾಲ್ ಬಂತೆಂದರೆ ಅಂಚೆಚೀಟಿ ಸಂಗ್ರಾಹಕರ ಸಂಜೆಕೂಟಗಳು ಬಿಕೋ ಎನ್ನುತ್ತವೆ. 2022ರಲ್ಲಿ 64 ಇದ್ದ ಪಂದ್ಯಗಳು 2026ರ ಟೂರ್ನಿಗೆ 104 ಆಗಿವೆ. ತಿಂಗಳಿಗೂ ಮೀರಿ ಟಿ.ವಿ.ಯಲ್ಲಿ ಅದೇ ಗದ್ದಲ ಎಂಬ ಬೇಸರ ನನಗೂ ಇದೆ. ಆದರೂ 2022ರ ಫೈನಲ್‌ನಲ್ಲಿ ಎರಡು ಗೋಲು ಹಿಂದಿದ್ದ ಫ್ರಾನ್ಸನ್ನು ಎಂಬಾಪೆ ಎರಡೇ ನಿಮಿಷದಲ್ಲಿ ಸರಿಸಮಕ್ಕೆ ತಂದಾಗ, ಚೀಟಿ ಹಿಡಿದ ಚಿಮುಟ ನನ್ನ ಕೈಯಲ್ಲೇ ಉಳಿದಿತ್ತು! ಅಂಥ ಆಟ ನೋಡಬೇಡಿ ಎನ್ನಲು ಮನಸ್ಸು ಬಾರದು.

ಇಟಲಿ 1934ರಲ್ಲೇ ವಿಶ್ವಕಪ್‌ಗೆಂದು ಅಂಚೆಚೀಟಿ ಹೊರತಂದಿತ್ತು, ಇವೆರಡಕ್ಕೂ ಹಗೆತನವೇನಿಲ್ಲ. ಕೂಟಗಳನ್ನು ರದ್ದುಪಡಿಸುವ ಬದಲು ಪಂದ್ಯವಿಲ್ಲದ ಹೊತ್ತಿಗೆ ಬದಲಿಸಿಕೊಳ್ಳಿ ಎಂದು ಸಂಘಗಳಲ್ಲಿ ನನ್ನ ಮನವಿ. ಹೊಸದಾಗಿ ಸೇರಿದ ಮಕ್ಕಳು ಒಂದು ತಿಂಗಳು ತಪ್ಪಿಸಿಕೊಂಡರೆ ಮತ್ತೆ ಬರುವುದು ಕಷ್ಟ.

– ಒಬ್ಬ ಓದುಗ